ಎಡಗಾಲಿನ ಹೆಪ್ಪು

ಕಾಲು ಮುರಿದುಕೊಂಡ ಆ ಮಳೆಗಾಲದ ಹೊತ್ತಿಗೆ ನಾನು ಜೋಯಿಡಾಕ್ಕೆ ಬಂದು ಎರಡು ವರ್ಷವಾಗಿತ್ತು. ದನದ ದವಾಖಾನೆಯಲ್ಲಿ ಪಶು ಪರೀಕ್ಷಕಿಯ ಕೆಲಸ. ಅದಕ್ಕೂ ಮೊದಲಿನ ನೌಕರಿಯೆಲ್ಲ ಹಳಿಯಾಳ ತಾಲೂಕಿನಲ್ಲಿ, ನಾನು ಹುಟ್ಟಿದ ತೇರಗಾಂವದ ಆಸುಪಾಸಿನಲ್ಲೇ ಕಳೆದಿತ್ತು. ಅಲ್ಲಿ ಯಾರ ದನದ ಕೊಟ್ಟಿಗೆಗೆ ಹೋದರೂ "ಬಾರವಾ, ಚಾ ಕುಡದ ಹೋಗು" ಎನ್ನುವವರಿದ್ದರು. ಜೋಯಿಡಾದಲ್ಲಿ ಕಾಡು ಹೆಚ್ಚು, ಮನೆಗಳು ದೂರ ದೂರ, ಮನೆಯೊಳಗಿನ ಮಾತು ಕೊಂಕಣಿ. ನನ್ನ ಜೊತೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಎದ್ದು ಅಂಗಳಕ್ಕೆ ಬಂದ ಕೂಡಲೇ ಬೆನ್ನ ಹಿಂದೆ ಮಾತು ಕೊಂಕಣಿಗೆ ತಿರುಗುತ್ತಿತ್ತು. ಮನೆಮಂದಿ ಮನಸ್ಸು ಬಿಚ್ಚಿ ನಗುತ್ತಿದ್ದದ್ದೂ ಆಗಲೇ.

ನನಗೆ ಮದುವೆಯಾಗಿಲ್ಲ. ಅದಕ್ಕೊಂದು ದೊಡ್ಡ ಕಥೆಯೇನಿಲ್ಲ. ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದ, ಅವ್ವ ಒಬ್ಬಳೇ ಎತ್ತಿ ಕೂರಿಸಲಾರಳು ಎಂದು ನಾನು ನಿಂತೆ. ಅಪ್ಪ ಹೋದ, ಅವನ ಹಿಂದೆ ಅವ್ವನೂ ಹೋದಳು. ಅಷ್ಟರಲ್ಲಿ ಕೇಳಲು ಬರುವವರೂ ನಿಂತಿದ್ದರು. ಉಳಿದವಳು ಒಬ್ಬಳೇ ಅಕ್ಕ, ಮುಂಡಗೋಡದಲ್ಲಿ, ತುಂಬಿದ ಮನೆಯ ಸೊಸೆ. ನಾನು ಕಾಲು ಮುರಿದುಕೊಂಡ ಹೊತ್ತಿಗೆ ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆತ್ತು ಬಾಣಂತಿಯಾಗಿದ್ದಳು.

ಆ ದಿನ ಒಂದು ಎಮ್ಮೆಯನ್ನು ನೋಡಲು ಹೋಗಿದ್ದೆ. ಈದ ಮರುದಿನ ಎಮ್ಮೆ ಎದ್ದು ನಿಲ್ಲಲಾರದೆ ಬಿದ್ದಿತ್ತು. ಹಾಲು ಹೆಚ್ಚು ಕೊಡುವ ಎಮ್ಮೆಗಳಿಗೆ ಈ ತೊಂದರೆ ಬರುತ್ತದೆ. ಕುತ್ತಿಗೆಯ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನರ ಹಗ್ಗದ ಹಾಗೆ ಉಬ್ಬಿ ಬರುತ್ತದೆ. ಅದಕ್ಕೆ ಸೂಜಿ ಕೊಟ್ಟು ಬಾಟಲಿಯ ಔಷಧವನ್ನು ಮೆಲ್ಲಗೆ ಇಳಿಸಿದೆ. ಮನೆಯವನಿಗೆ ಯಾವಾಗಲೂ ಹೇಳುವುದನ್ನೇ ಹೇಳಿದೆ. ಅಡಿಗೆ ದಪ್ಪಗೆ ಹುಲ್ಲು ಹಾಸಿ, ಒಂದೇ ಮಗ್ಗುಲಿಗೆ ಬಿಡಬೇಡಿ, ಹೊತ್ತು ಹೊತ್ತಿಗೆ ಹೊರಳಿಸಿ, ಇಲ್ಲದಿದ್ದರೆ ಕೆಳಗಿನ ಕಾಲಿನಲ್ಲಿ ರಕ್ತ ಆಡದೆ ಕಾಲೇ ಹೋಗುತ್ತದೆ, ನೀರನ್ನು ಬಾಯಿಗೆ ಸಿಗುವ ಹಾಗೆ ಇಡಿ. ಅವನು ತಲೆಯಾಡಿಸಿದ. ಚೀಲ ಹೆಗಲಿಗೇರಿಸಿ ಹೊರಟವಳು ಚಿರೇಕಲ್ಲಿನ ಮೆಟ್ಟಿಲಿನ ಪಾಚಿಯ ಮೇಲೆ ಜಾರಿದೆ. ಎಡಗಾಲು ಅಡಿಯಲ್ಲಿ ಮಡಚಿಕೊಂಡಿತು. ಒಣಕಟ್ಟಿಗೆ ಮುರಿದಂಥ ಸದ್ದು ನನಗೇ ಕೇಳಿಸಿತು.

ನಮ್ಮ ದವಾಖಾನೆಯ ಸಹಾಯಕ ಜೊತೆಗಿದ್ದ. ಹಳಿಯಾಳದ ಕಡೆಯವನು, ಒಳ್ಳೆಯವನು. ಬಾಡಿಗೆಯ ವ್ಯಾನ್ ಮಾಡಿ ದಾಂಡೇಲಿಯ ಆಸ್ಪತ್ರೆಗೆ ಕರೆದೊಯ್ದ. ಪಾದದ ಗಂಟಿನ ಎಲುಬು ಮುರಿದಿದೆ ಎಂದು ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದರು. ಒಂದೂವರೆ ತಿಂಗಳು ನೆಲಕ್ಕೆ ಕಾಲು ಊರುವ ಹಾಗಿಲ್ಲ.

"ಶುಗರ್ ಐತೇನ್ರಿ? ಬಿ.ಪಿ.?" ಡಾಕ್ಟರು ಕೇಳಿದರು.

"ಇಲ್ರಿ."

"ಮತ್ತ ಯಾವರೆ ಗುಳಿಗಿ ತೊಗೋತೀರೇನು?"

ಮುಟ್ಟಿನ ಸ್ರಾವ ಹೆಚ್ಚಾಗುತ್ತದೆಂದು ಕೆಲವು ತಿಂಗಳಿಂದ ನಾನು ಹಾರ್ಮೋನ್ ಗುಳಿಗೆ ನುಂಗುತ್ತಿದ್ದೆ. ಆದರೆ ಮಂಚದ ತಲೆದೆಸೆಯಲ್ಲಿ ನಮ್ಮ ಸಹಾಯಕ ನನ್ನ ಚೀಲ ಹಿಡಿದು ನಿಂತಿದ್ದ. ಅವನೆದುರಿಗೆ ಆ ಮಾತು ಬಾಯಿಂದ ಬರಲಿಲ್ಲ. "ಇಲ್ರಿ" ಎಂದೆ. ಮುರಿದ ಎಲುಬಿಗೂ ಆ ಗುಳಿಗೆಗೂ ಏನು ಸಂಬಂಧ ಎಂದುಕೊಂಡೆ.

"ಕಾಲು ದಿಂಬಿನ ಮ್ಯಾಲ ಇಡ್ರಿ. ಬೆರಳು ಆಡಸ್ಕೋತ ಇರ್ರಿ. ನೀರು ಚೊಲೊ ಕುಡೀರಿ. ಊರುಗೋಲು ಹಿಡದು ಆಗಾಗ ಏಳ್ರಿ. ಕಾಲು ಬಾತರ, ನೋವು ಹೆಚ್ಚಾದ್ರ ಲಗೂನ ಬರ್ರಿ" ಎಂದರು.

ನನ್ನ ಬಿಡಾರ ಒಂದು ಮನೆಯ ಹಿಂಬದಿಯ ಎರಡು ಕೋಣೆ. ಮುಂದಿನ ಭಾಗದಲ್ಲಿ ಮನೆಯೊಡತಿ ಇದ್ದಳು. ಎಪ್ಪತ್ತರ ಆಸುಪಾಸಿನ ವಿಧವೆ, ತವರೂರು ಸೂಪಾ ಅಣೆಕಟ್ಟಿನ ನೀರಿನಡಿ ಹೋಗಿದೆ. ನನ್ನನ್ನು "ಬಾಯ್" ಎಂದು ಕರೆಯುತ್ತಿದ್ದಳು. ಮಾತು ಕಡಿಮೆ. ನಾನು ವ್ಯಾನಿನಿಂದ ಇಳಿದಾಗ ಪ್ಲಾಸ್ಟರನ್ನು ನೋಡಿ ತಲೆ ಅಲ್ಲಾಡಿಸಿದಳು, ಒಳಗೆ ಹೋಗಿ ತನ್ನ ಒಂದು ದಿಂಬು ತಂದು ಕಾಲಡಿಗೆ ಇಟ್ಟಳು.

ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಬೇರೆ. "ಕಾಲು ಸ್ವಲ್ಪ ಉಳಕೇತಿ. ರಜಾ ಹಾಕೇನಿ."

"ಬರ್ಲೇನ?" ಎಂದಳು. ಹಿಂದೆ ಕೂಸು ಅಳುತ್ತಿತ್ತು. ಬಾಣಂತಿಯನ್ನು ಬಿಟ್ಟು ಎಲ್ಲಿಗೆ ಬರುತ್ತಾಳೆ? "ಏನ್ ಬ್ಯಾಡ, ಉಳುಕಿಗೆ ಯಾರ ಬರ್ತಾರ?" ಎಂದು ನಕ್ಕೆ.

ಮೊದಲ ವಾರ ಆಫೀಸಿನವರು ಬಂದು ಹೋದರು. ಬಾಳೆಹಣ್ಣು ತಂದರು, ಮೆಟ್ಟಿಲುಗಳ ಪಾಚಿಯ ಬಗ್ಗೆ ಮಾತಾಡಿದರು, ತಮ್ಮ ತಮ್ಮ ಬಂಧುಗಳ ಮುರಿದ ಕೈಕಾಲುಗಳ ಕಥೆ ಹೇಳಿದರು. ಆಮೇಲೆ ಮಳೆ ಹೆಚ್ಚಾಯಿತು. ಸಹಾಯಕ ಎರಡು ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು "ಏನರ ಬೇಕೇನ್ರಿ ಮೇಡಂ?" ಎಂದು ಕೇಳುತ್ತಿದ್ದ. ಏನೂ ಬೇಡ ಎನ್ನುತ್ತಿದ್ದೆ. ನಿಜವಾಗಿ ಬೇಕಾಗಿದ್ದು, ಅವನು ಒಳಗೆ ಬಂದು ಕುರ್ಚಿ ಎಳೆದುಕೊಂಡು ಸ್ವಲ್ಪ ಹೊತ್ತು ಕೂತುಕೊಳ್ಳುವುದು. ಅದನ್ನು ಹೇಗೆ ಕೇಳುವುದು?

ಕಕ್ಕಸು, ಬಚ್ಚಲು ಎರಡೂ ಮನೆಯ ಹಿಂದೆ ಕೆಳಗಿದ್ದವು. ಅಲ್ಲಿಗೆ ಇಳಿಯಲು ಮೆಟ್ಟಿಲುಗಳು, ಮೇಲೆ ತಗಡಿನ ತೂತುಗಳಿಂದ ಬೀಳುವ ಮಳೆ. ಊರುಗೋಲು ಹಿಡಿದು ಇಳಿದು, ಒಂಟಿ ಕಾಲಿನ ಮೇಲೆ ಕೂತು ಎದ್ದು, ಮತ್ತೆ ಹತ್ತಿ ಬರುವಷ್ಟರಲ್ಲಿ ಮೈಯೆಲ್ಲ ನಡುಗುತ್ತಿತ್ತು. ಮನೆಯೊಡತಿ ನೋಡಿದರೆ ಕೈ ಹಿಡಿಯಲು ಬರುತ್ತಿದ್ದಳು. ಅಷ್ಟು ವಯಸ್ಸಾದವಳ ಕೈಯಲ್ಲಿ ಹಿಡಿಸಿಕೊಂಡು ಕಕ್ಕಸಿಗೆ ಹೋಗುವುದು ನನಗೆ ಹಿಡಿಸಲಿಲ್ಲ. ಆಕೆ ಹಿತ್ತಿಲಲ್ಲಿ ಇಲ್ಲದ ಹೊತ್ತು ನೋಡಿ ಇಳಿಯುತ್ತಿದ್ದೆ. ನಾಲ್ಕಾರು ದಿನದಲ್ಲಿ ಸುಲಭದ ದಾರಿ ಹೊಳೆಯಿತು. ನೀರು ಕುಡಿಯದಿದ್ದರೆ ಇಳಿಯುವ ಪ್ರಮೇಯವೇ ಬರುವುದಿಲ್ಲ. ಬೆಳಿಗ್ಗೆ ಒಂದು ಕಪ್ ಚಾ, ಗುಳಿಗೆಯ ಜೊತೆ ಒಂದು ಗುಟುಕು ನೀರು, ಮಧ್ಯಾಹ್ನ ಮನೆಯೊಡತಿ ತಂದಿಡುತ್ತಿದ್ದ ಪೇಜ, ಅಂದರೆ ಗಂಜಿ. ಅದರಲ್ಲೂ ತಿಳಿ ಬಿಟ್ಟು ಅಗಳನ್ನಷ್ಟೇ ತಿನ್ನುತ್ತಿದ್ದೆ. ಎದ್ದು ಓಡಾಡುವುದಂತೂ ನಿಂತೇ ಹೋಯಿತು. ಎದ್ದು ಹೋಗುವುದಾದರೂ ಎಲ್ಲಿಗೆ?

ಇಡೀ ದಿನ ಮಂಚದ ಮೇಲೆ ಮಲಗಿದವರಿಗೆ ಊರು ಕಿವಿಯಿಂದ ಪರಿಚಯವಾಗುತ್ತದೆ. ಶಾಲೆಯ ಮಕ್ಕಳು ಹೋಗುವ ಗದ್ದಲ, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಾರವಾರದ ಕಡೆಯ ಬಸ್ಸು ಏರಿನಲ್ಲಿ ಗೇರು ಬದಲಿಸುವ ಸದ್ದು. ಮನೆಯೊಡತಿ ಕೋಳಿಗಳನ್ನು ಬೈಯುವುದು. ಮಳೆ ಬಂದರೆ ಅದೆಲ್ಲ ಅಳಿಸಿಹೋಗಿ ತಗಡಿನ ಮೇಲಿನ ಸದ್ದೊಂದೇ. ಫೋನಿನಲ್ಲಿ ಆಫೀಸಿನ ಗುಂಪಿನವರು ಬೆಳಗಾದರೆ ಹೂವಿನ ಚಿತ್ರ ಕಳಿಸುತ್ತಿದ್ದರು. ನಾನೂ ಕೈ ಮುಗಿದ ಚಿತ್ರ ಕಳಿಸುತ್ತಿದ್ದೆ. ಒಂದೊಂದು ದಿನ ಸಂಜೆಯ ಹೊತ್ತಿಗೆ, ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲವೆಂದು ಹೊಳೆದು, ಸುಮ್ಮನೆ ಗಂಟಲು ಸರಿಮಾಡಿಕೊಂಡು ಏನಾದರೂ ಅನ್ನುತ್ತಿದ್ದೆ. "ಮಳಿ ನಿಂತೇತಿ" ಅಂತಲೋ, "ಲೈಟ್ ಹೋತು" ಅಂತಲೋ. ನನ್ನ ದನಿ ಆ ಕೋಣೆಯಲ್ಲಿ ಬೇರೆ ಯಾರದೋ ದನಿಯಂತೆ ಕೇಳಿಸುತ್ತಿತ್ತು.

ಮೂರನೆಯ ವಾರ ಮೀನಖಂಡದಲ್ಲಿ ನೋವು ಶುರುವಾಯಿತು. ಮುರಿದ ಜಾಗದ ನೋವಲ್ಲ, ಅದಕ್ಕಿಂತ ಮೇಲೆ, ಒಳಗಿನಿಂದ ಯಾರೋ ಹಿಂಡಿ ಹಿಡಿದ ಹಾಗೆ. ಪ್ಲಾಸ್ಟರ್ ಬಿಗಿಯಾದಂತೆ ಅನ್ನಿಸಿತು. ಹೊರಗೆ ಕಾಣುತ್ತಿದ್ದ ಬೆರಳುಗಳು ಬಾತು, ಬಣ್ಣ ಸ್ವಲ್ಪ ನೀಲಿಗೆ ತಿರುಗಿತ್ತು. ಪ್ಲಾಸ್ಟರಿನ ಮೇಲಂಚಿನಲ್ಲಿ ಚರ್ಮ ಬಿಸಿಯಾಗಿತ್ತು. ಸಹಾಯಕನಿಗೆ ಫೋನು ಮಾಡಿದೆ.

"ಮಳಿಗೆ ಪ್ಲಾಸ್ಟರ್ ಬಿಗಿ ಆಗಿರಬೇಕ್ರಿ ಮೇಡಂ. ದಾಂಡೇಲಿಗೆ ಹೋಗೂಣೇನ್ರಿ?"

ಹೊರಗೆ ಧೋ ಎಂದು ಸುರಿಯುತ್ತಿತ್ತು. ಅವನ ಮಗಳಿಗೆ ಜ್ವರವೆಂದು ಹಿಂದಿನ ದಿನವಷ್ಟೇ ಹೇಳಿದ್ದ. "ನಾಳೆ ನೋಡೂಣು ಬಿಡ್ರಿ" ಎಂದು ನೋವಿನ ಗುಳಿಗೆ ನುಂಗಿ ಮಲಗಿದೆ. ಮರುದಿನವೂ ನಾಳೆ ಎಂದೆ.

ಆಮೇಲಿನ ಬೆಳಿಗ್ಗೆ ಬಚ್ಚಲಿನಿಂದ ಮೆಟ್ಟಿಲು ಹತ್ತಿ ಬರುವಾಗ ನಡುವೆಯೇ ಉಸಿರು ನಿಂತಂತಾಯಿತು. ಎಷ್ಟು ಎಳೆದುಕೊಂಡರೂ ಗಾಳಿ ಎದೆಯ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಉಸಿರು ಎಳೆದಾಗಲೆಲ್ಲ ಬಲ ಪಕ್ಕೆಯಲ್ಲಿ ಚಾಕು ಹಾಕಿದಂತೆ. ಎದೆ ಡವಗುಟ್ಟುತ್ತಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಊಟ ಸರಿಯಿಲ್ಲ, ನಿಶ್ಶಕ್ತಿ, ಸ್ವಲ್ಪ ಕೂತರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತಗಡಿನಿಂದ ನೀರು ಹನಿಯುತ್ತಿತ್ತು. ಸೀರೆಯ ಸೆರಗು ಒದ್ದೆಯಾಗುತ್ತಿದ್ದರೂ ಸರಿದು ಕೂರುವ ತ್ರಾಣವಿರಲಿಲ್ಲ. ಕೂಗಿ ಕರೆಯಲು ದನಿಯೂ ಇರಲಿಲ್ಲ. ಈ ಮೆಟ್ಟಿಲ ಮೇಲೆ ಹೀಗೇ ಕೂತು ಸತ್ತರೆ ಮಧ್ಯಾಹ್ನ ಪೇಜ ತರುವ ಹೊತ್ತಿನವರೆಗೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ಆ ಯೋಚನೆಯಿಂದ ಹೆದರಿಕೆ ಆಗಲಿಲ್ಲ. ಒಂದು ಥರದ ಸುಸ್ತು ಮಾತ್ರ ಆಯಿತು. ಅದೇ ಈಗ ನೆನೆದರೆ ಹೆದರಿಕೆ.

ಕೋಳಿಯನ್ನು ಅಟ್ಟಿಕೊಂಡು ಬಂದ ಮನೆಯೊಡತಿ ನನ್ನನ್ನು ಕಂಡಳು.

"ಬಾಯ್! ಏನಾಯ್ತು? ಹೀಗೆ ಯಾಕೆ ಉಸಿರು ಬಿಡ್ತಿ?"

"ಸುಸ್ತು..." ಎಂದೆ. ಮುಂದಿನ ಮಾತಿಗೆ ಗಾಳಿ ಸಾಲಲಿಲ್ಲ.

ಆಕೆ ಬಗ್ಗಿ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಪಾದಗಳನ್ನು ನೋಡಿದಳು. "ಈ ಪಾಯ್ ನೋಡು, ಎಷ್ಟು ದಪ್ಪ! ನನಗೆ ಯಾಕೆ ಹೇಳ್ಲಿಲ್ಲ ನೀನು?" ಎಂದು ಬೈದಳು. ಬೈಯುತ್ತಲೇ ಬೀದಿಗೆ ಹೋಗಿ ಕೊಂಕಣಿಯಲ್ಲಿ ಕೂಗು ಹಾಕಿದಳು. ಯಾರೋ ಓಡಿದರು, ವ್ಯಾನ್ ಬಂತು. ನನ್ನನ್ನು ಎತ್ತಿ ಹಾಕಿದ ಮೇಲೆ ಆಕೆ ಕೊಡೆ ಹಿಡಿದು ಒಳಗೆ ಹತ್ತಿ ಕೂತಳು.

"ನೀವ್ಯಾಕ? ಮಳಿ ಐತಿ..." ಎಂದೆ.

"ಮಾತಾಡಬೇಡ" ಎಂದಳು.

ದಾರಿಯುದ್ದಕ್ಕೂ ನನ್ನ ತಲೆ ಅವಳ ಹೆಗಲ ಮೇಲಿತ್ತು. ಅವಳ ಸೀರೆಯಿಂದ ಒಲೆಯ ಹೊಗೆಯ ವಾಸನೆ ಬರುತ್ತಿತ್ತು. ಅಷ್ಟು ಹತ್ತಿರ ಇನ್ನೊಬ್ಬರ ಮೈ ತಾಗಿ ಎಷ್ಟು ವರ್ಷವಾಗಿತ್ತೋ.

ದಾಂಡೇಲಿಯಲ್ಲಿ ಡಾಕ್ಟರು ನೋಡಿದ ಕೂಡಲೇ ಬೆರಳಿಗೆ ಒಂದು ಕ್ಲಿಪ್ ಹಾಕಿದರು, ಮೂಗಿಗೆ ಆಮ್ಲಜನಕ ಕೊಟ್ಟರು. ಪ್ಲಾಸ್ಟರನ್ನು ಗರಗಸದಿಂದ ಸೀಳಿ ಬಿಚ್ಚಿದರು. ಒಳಗಿನ ಕಾಲು ನನ್ನದಲ್ಲವೆಂಬಂತೆ ಕಂಡಿತು. ಹೊಳೆಯುವ ಚರ್ಮ, ಕೆಂಪು, ಬಿಸಿ. ಅಳತೆಯ ಟೇಪನ್ನು ಎರಡೂ ಮೀನಖಂಡಗಳಿಗೆ ಸುತ್ತಿ ನೋಡಿದರು. ಪ್ಲಾಸ್ಟರಿನಲ್ಲಿದ್ದ ಕಾಲು ಸೊರಗಬೇಕು, ನನ್ನದು ದಪ್ಪವಾಗಿತ್ತು.

"ಗುಳಿಗಿ ಯಾವ್ದೂ ತೊಗೊಳ್ಳೂದಿಲ್ಲ ಅಂದಿದ್ರಲ್ಲ, ಖರೇನ?" ಎಂದು ಮತ್ತೆ ಕೇಳಿದರು. ಈಗ ಪಕ್ಕದಲ್ಲಿದ್ದವಳು ಮನೆಯೊಡತಿ. ಹಾರ್ಮೋನ್ ಗುಳಿಗೆಯ ಹೆಸರು ಹೇಳಿದೆ. "ಅದನ್ನ ಈಗಿಂದ ಬಂದ್ ಮಾಡ್ರಿ" ಎಂದರು. ಕಾಲಿನ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬೇಕು, ಅದರ ತುಣುಕು ಹರಿದು ಪುಪ್ಪುಸಕ್ಕೆ ಹೋಗಿರುವ ಹಾಗಿದೆ, ಹುಬ್ಬಳ್ಳಿಗೇ ಹೋಗಬೇಕು ಎಂದರು. ಒಂದು ಇಂಜೆಕ್ಷನ್ ಅಲ್ಲೇ ಕೊಟ್ಟು ಆಂಬುಲೆನ್ಸ್ ಕರೆಸಿದರು.

ಹಳಿಯಾಳ ದಾಟುವಾಗ ಮನೆಯೊಡತಿ ನನ್ನ ಫೋನು ತೆಗೆದುಕೊಂಡು ಅಕ್ಕನಿಗೆ ಹಚ್ಚಿದಳು. ಆಕೆ ಫೋನಿನಲ್ಲಿ ಕಿರುಚಿ ಮಾತಾಡುವವಳು. "ನಾನು ಜೋಯಿಡಾದಿಂದ. ನಿನ್ನ ತಂಗಿಗೆ ಪಾಯ್ ದಪ್ಪ ಆಗಿದೆ. ಉಸಿರು ಇಲ್ಲ. ಹುಬ್ಬಳ್ಳಿಗೆ ಬಾ."

"ಉಸಿರಿಲ್ಲ?" ಎಂದು ಅಕ್ಕ ಆ ಕಡೆಯಿಂದ ಚೀರಿದ್ದು ನನಗೂ ಕೇಳಿತು. ಇದ್ದಬದ್ದ ಗಾಳಿಯನ್ನೆಲ್ಲ ಸೇರಿಸಿ "ಅದೇನಿ, ಅದೇನಿ" ಎಂದೆ, ಇದ್ದೇನೆ ಎಂದು.

ಹುಬ್ಬಳ್ಳಿಯಲ್ಲಿ ಕಾಲಿನ ಮೇಲೆ ತಣ್ಣನೆಯ ಲೋಳೆ ಹಚ್ಚಿ ಸ್ಕ್ಯಾನ್ ಮಾಡಿದರು. ಬಲಗಾಲಿನ ಮೇಲೆ ಉಪಕರಣ ಇಟ್ಟು ಮೀನಖಂಡವನ್ನು ಮೆಲ್ಲಗೆ ಅಮುಕಿದಾಗ ಹೊಳೆಯ ನೀರು ಕಲ್ಲಿನ ಸಂದಿಯಲ್ಲಿ ನುಗ್ಗುವಂಥ ಸದ್ದು ಬಂತು. ಎಡಗಾಲಿನ ತೊಡೆಯ ಮೇಲೆ ಇಟ್ಟರು. ಸದ್ದಿಲ್ಲ. ಉಪಕರಣವನ್ನು ಅಲ್ಲಿ ಇಲ್ಲಿ ಸರಿಸಿದರು. ಆಗಲೂ ಸದ್ದಿಲ್ಲ. ನನ್ನ ಮೈಯೊಳಗೇ ಹರಿಯುವುದು ನಿಂತ ಒಂದು ಜಾಗವಿದೆ, ಅದನ್ನು ಹೊತ್ತುಕೊಂಡು ಇಷ್ಟು ದಿನ ಮಲಗಿದ್ದೆ ಎಂದು ಆಗ ಗೊತ್ತಾಯಿತು. ಎದೆಯ ಸ್ಕ್ಯಾನಿನಲ್ಲಿ ಪುಪ್ಪುಸಕ್ಕೆ ತುಣುಕು ಹೋಗಿರುವುದೂ ಖಾತ್ರಿಯಾಯಿತು.

"ಇವ್ರು ನಿಮಗ ಏನಾಗ್ಬೇಕ್ರಿ?" ನರ್ಸು ಮನೆಯೊಡತಿಯನ್ನು ತೋರಿಸಿ ಕೇಳಿದಳು.

ನನಗಿಂತ ಮೊದಲು ಆಕೆಯೇ "ಶೇಜಾರಿ" ಎಂದಳು. ನೆರೆಯವಳು.

"ಸಂಬಂಧಿಕರು ಯಾರೂ ಇಲ್ಲೇನ್ರಿ?"

"ಬರ್ತಾರೆ" ಎಂದು ಆಕೆ ಒರಟಾಗಿ ಹೇಳಿ, ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಳು.

ಅಕ್ಕ ಸಂಜೆಯೊಳಗೆ ಬಂದಳು. ಬಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳು ನಿಂತ ಮೇಲೆ ಸಿಟ್ಟು ಬಂತು.

"ಉಳಕೇತಿ ಅಂದಿದ್ದೆಲ್ಲ? ನಾ ಏನ್ ಸತ್ತೀನೇನ? ಅಪ್ಪನ್ನ ನೀ ಒಬ್ಬಾಕಿನ ನೋಡಕೊಂಡಿ, ಆವಾಗೂ ನನ್ನ ಕರೀಲಿಲ್ಲ. ಈಗೂ ಹಂಗ."

ಸ್ವಲ್ಪ ಹೊತ್ತಿನ ಮೇಲೆ ಅವಳು ಮಂಚದ ಕಾಲುದೆಸೆಗೆ ಸರಿದು, "ಎಷ್ಟು ಬಾತೇತಿ ನೋಡು. ಎಣ್ಣಿ ಬಿಸಿ ಮಾಡಿ ತಿಕ್ಕಲೇನ?" ಎಂದು ಕೈ ಚಾಚಿದಳು.

"ತಿಕ್ಕಬ್ಯಾಡ್ರಿ!" ನರ್ಸು ಅಲ್ಲಿಂದಲೇ ಕೂಗಿದಳು. "ತಿಕ್ಕಿದ್ರ ಇದ್ದ ಹೆಪ್ಪು ಹರದು ಮ್ಯಾಲೆ ಹೋಗ್ತೇತಿ."

ಅಕ್ಕ ಕೈಯನ್ನು ಬೆಂಕಿ ತಾಗಿದಂತೆ ಹಿಂದೆ ತೆಗೆದುಕೊಂಡಳು.

ಮರುದಿನ ಮಧ್ಯಾಹ್ನದೊಳಗೆ ಇಬ್ಬರೂ ಹೋದರು. ಅಕ್ಕನಿಗೆ ಬಾಣಂತಿ, ಮನೆಯೊಡತಿಗೆ ಕೋಳಿ. ಯಾರನ್ನೂ ಇರು ಎನ್ನಲು ನನಗೆ ಬರುವುದಿಲ್ಲ. ಹೊಟ್ಟೆಯ ಚರ್ಮಕ್ಕೆ ಹೊತ್ತು ಹೊತ್ತಿಗೆ ಇಂಜೆಕ್ಷನ್ ಕೊಡುತ್ತಿದ್ದರು, ಅಲ್ಲೆಲ್ಲ ನೇರಳೆ ಬಣ್ಣದ ಕಲೆಗಳೆದ್ದವು. ಆ ವಾರ್ಡಿನಲ್ಲಿ ಪ್ರತಿ ಮಂಚದ ಪಕ್ಕದಲ್ಲೂ ಒಬ್ಬರು ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದರು. ನನ್ನ ಮಂಚದ ಪಕ್ಕದ ನೆಲ ಖಾಲಿ. ಎದುರು ಮಂಚದ ರೋಗಿಯ ಸೊಸೆ ಬಂದು "ನಿಮ್ಮವರು ಯಾರೂ ಇಲ್ಲಂದ್ರ ಇಲ್ಲಿ ನಮ್ಮ ಚೀಲ ಇಡಲೇನ್ರಿ?" ಎಂದಳು. ಇಡಿ ಎಂದೆ. ಚೀಲವಾದರೂ ಇರಲಿ.

ಅಲ್ಲಿಯ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಧಾರವಾಡದ ಮಾತು. ಬೆಳಗಿನ ತಿರುಗಾಟದಲ್ಲಿ ಬಂದವರು ನಾನು ದನದ ದವಾಖಾನೆಯವಳೆಂದು ತಿಳಿದು ಮಂಚದ ಅಂಚಿಗೆ ಕೂತರು.

"ನೋಡ್ರಿ, ಹೃದಯ ರಕ್ತಾನ ಕೆಳಗ ತಳ್ತೇತಿ. ಮತ್ತ ಅದನ್ನ ಮ್ಯಾಲ ಏರಸೂದು ಯಾರು? ಈ ಮೀನಖಂಡ. ನಡದಾಗೆಲ್ಲ ಹಿಂಡಿ ಹಿಂಡಿ ಮ್ಯಾಲ ಕಳಸ್ತೇತಿ. ನೀವು ಅದನ್ನ ಪ್ಲಾಸ್ಟರಿನಾಗ ಕಟ್ಟಿ ಮಲಗಿದ್ರಿ. ನೀರು ಕುಡೀಲಿಲ್ಲ ಅಂತೀರಿ, ರಕ್ತ ಇನ್ನಷ್ಟು ಮಂದ ಆತು. ಆ ಗುಳಿಗಿ ಬ್ಯಾರೆ. ಎಲ್ಲಾ ಕೂಡಿ ಹೆಪ್ಪಾತು."

"ಬಿದ್ದ ಎಮ್ಮಿಗೆ ಹೊರಳಸ್ರಿ, ನೀರು ಕೊಡ್ರಿ ಅಂತ ನಾನ ಹೇಳಿ ಬಂದಿದ್ದೆರಿ" ಎಂದೆ.

ಅವರು ನಗಲಿಲ್ಲ. "ಎಮ್ಮಿಗೆ ಹೊರಳಸಾಕ ಮನಿ ಮಂದಿ ಇದ್ರು" ಎಂದರು.

ನನ್ನ ಅಪ್ಪನಿಗೆ ಲಕ್ವ ಆಗಿದ್ದನ್ನು ಹೇಳಿದೆ. ಅದೂ ಇದೂ ಒಂದೆಯೇ ಎಂದು ಕೇಳಿದೆ. ಅಪ್ಪ ಬೀಡಿ ಬಿಟ್ಟವನಲ್ಲ, ಬಿ.ಪಿ. ಗುಳಿಗೆಯನ್ನು ತಲೆನೋವು ಬಂದ ದಿನ ಮಾತ್ರ ನುಂಗುತ್ತಿದ್ದ. ಅದು ಹೃದಯದಿಂದ ಹೊರಡುವ ನಾಳದ ರೋಗ ಎಂದರು ಡಾಕ್ಟರು. ಬೀಡಿ, ತಂಬಾಕು, ಬಿ.ಪಿ., ಸಕ್ಕರೆ ಇವು ಆ ನಾಳಗಳನ್ನು ಒಳಗಿನಿಂದ ಒರಟು ಮಾಡಿ ಸಣ್ಣದಾಗಿಸುತ್ತವೆ. ಮಿದುಳಿನಲ್ಲಿ ಕಟ್ಟಿದರೆ ಲಕ್ವ, ಎದೆಯಲ್ಲಿ ಕಟ್ಟಿದರೆ ಹೃದಯಾಘಾತ. ಕಾಲಿನಲ್ಲಿ ಆದರೆ ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆ. ನನ್ನದು ಹೃದಯಕ್ಕೆ ಹಿಂದಿರುಗುವ ನಾಳದ್ದು. ಅಪ್ಪ ಹಾಸಿಗೆ ಹಿಡಿಯುವ ಮುಂಚಿನ ವರ್ಷಗಳಲ್ಲಿ ಸಂತೆಗೆ ಹೋಗುವಾಗ ನಡುವೆ ನಡುವೆ ನಿಂತು ಯಾರದಾದರೂ ಹೊಲ ನೋಡುತ್ತಿದ್ದುದು ನೆನಪಾಯಿತು. ಬೆಳೆ ನೋಡುತ್ತಾನೆ ಎಂದುಕೊಂಡಿದ್ದೆವು.

"ಮತ್ತ ಯಾರಿಗೆ ಹಿಂಗ ಹೆಪ್ಪು ಆಗ್ತೇತ್ರಿ?"

"ದೊಡ್ಡ ಆಪರೇಷನ್ ಆದವ್ರಿಗೆ, ದಿನಗಟ್ಟಲೆ ಹಾಸಿಗಿ ಹಿಡದವ್ರಿಗೆ, ಕ್ಯಾನ್ಸರ್ ಇದ್ದವ್ರಿಗೆ. ತಾಸುಗಟ್ಟಲೆ ಬಸ್ಸಿನಾಗ ಕುಂತು ಹೋಗವ್ರಿಗೆ ಒಮ್ಮೊಮ್ಮೆ. ಬಸುರಿ, ಬಾಣಂತ್ಯಾರಿಗೂ. ಒಂದ ಕಾಲು ಬಾತ್ರ, ಮೀನಖಂಡ ನೋಯ್ತಿದ್ರ, ಬಿಸಿ ಹತ್ತಿದ್ರ ತಡಾ ಮಾಡಬಾರ್ದು. ಉಸಿರು ಕಟ್ಟಿದ್ರಂತೂ ಒಂದು ನಿಮಿಷಾನೂ."

ಬಾಣಂತಿ ಎಂಬ ಮಾತು ಕೇಳಿದ ಕೂಡಲೇ ಅಕ್ಕನ ಮಗಳು ಕಣ್ಣ ಮುಂದೆ ಬಂದಳು. ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ, ಹೊಟ್ಟೆ ಬರುತ್ತದೆ ಎನ್ನುತ್ತಾರೆ. ಬೆಚ್ಚಗೆ ಹೊದ್ದು ಮಲಗಿಸಿ ಏಳಗೊಡುವುದಿಲ್ಲ. ಡಾಕ್ಟರು ಹೋದ ಕೂಡಲೇ ಫೋನು ಮಾಡಿದೆ.

"ಅಕ್ಕಾ, ಆಕೀ ಎರಡೂ ಕಾಲು ಒಂದ ಸಮ ಅದಾವೇನು ನೋಡು."

"ಏನ್ ಮಾತಾಡ್ತಿ?"

"ನೋಡು ಮೊದಲ. ಮೀನಖಂಡ ಮುಟ್ಟಿ ನೋಡು, ತಿಕ್ಕಬ್ಯಾಡ."

ಫೋನಿನಲ್ಲಿ ಅವಳು ನಡೆದು ಹೋದದ್ದು, ಒಳಗೆ ಪಿಸುಮಾತು, ಮಗಳು ನಕ್ಕಿದ್ದು ಕೇಳಿಸಿತು. "ಎರಡೂ ಸಮ ಅದಾವು, ಎರಡೂ ದಪ್ಪ ಅದಾವು, ತುಪ್ಪ ತಿಂದು" ಎಂದಳು ಅಕ್ಕ.

"ನೀರು ಕೊಡು ಆಕೀಗೆ. ಮನಿಯೊಳಗ ತಿರಗ್ಯಾಡಾಕ ಬಿಡು."

"ಬಾಣಂತಿಗೆ ನೀರು ಕೊಟ್ರ ನಮ್ಮತ್ತಿ ಮನಿ ಬಿಡಸ್ತಾರ."

"ಕಾಸಿ ಆರಿಸಿ ಕೊಡು. ಡಾಕ್ಟ್ರು ಹೇಳ್ಯಾರ ಅನ್ನು. ನನ್ನ ಹೆಸರು ಹೇಳು, ನನ್ನ ಕಾಲು ತೋರಸ್ತೇನಿ ಅನ್ನು."

"ಆತು, ಕೊಡ್ತೇನಿ" ಎಂದಳು. ಆಮೇಲೆ ಕೊಟ್ಟಳೆಂದು ಅವಳ ಮಗಳೇ ಒಮ್ಮೆ ಹೇಳಿದಳು. ಅಜ್ಜಿ ನಿದ್ದೆ ಮಾಡುವ ಹೊತ್ತಿಗೆ ತಂಬಿಗೆಯಲ್ಲಿ ತಂದುಕೊಡುತ್ತಿದ್ದಳಂತೆ.

ಹತ್ತು-ಹನ್ನೆರಡು ದಿನದ ಮೇಲೆ, ಮುರಿದ ಗಂಟಿಗೆ ಪ್ಲಾಸ್ಟರಿನ ಬದಲು ಬಿಚ್ಚಿ ಹಾಕುವ ಪಟ್ಟಿ ಕಟ್ಟಿಸಿಕೊಂಡು, ಜೋಯಿಡಾಕ್ಕೆ ಹಿಂದಿರುಗಿದೆ. ಮುಂಡಗೋಡಕ್ಕೆ ಬಾ ಎಂದು ಅಕ್ಕ ಹಟ ಹಿಡಿದಳು. ಆ ಮನೆಯಲ್ಲಿ ಬಾಣಂತಿ, ಕೂಸು, ಅತ್ತೆ, ಬಂದು ಹೋಗುವವರು. ನಾನೊಂದು ಮಂಚ ಹಾಕಿಕೊಳ್ಳಲು ಜಾಗವಿದ್ದರೂ ಮನಸ್ಸಿಗೆ ಜಾಗವಿರಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ತಿಂಗಳುಗಟ್ಟಲೆ ನುಂಗಬೇಕಿತ್ತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಸಣ್ಣ ಪೆಟ್ಟು ಬಿದ್ದರೂ ಕಪ್ಪು ಕಲೆ. ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಕೋಡು ಬೀಸುವ ದನಗಳನ್ನು ಸಹಾಯಕ ನನ್ನ ಹತ್ತಿರಕ್ಕೇ ಬಿಡುತ್ತಿರಲಿಲ್ಲ. "ನೀವು ದೂರ ನಿಂದರ್ರಿ ಮೇಡಂ, ನಾ ಹಿಡೀತೇನಿ" ಎನ್ನುತ್ತಿದ್ದ.

ಬೆಳಿಗ್ಗೆ ಏಳುವ ಮೊದಲೇ ಎಡಗಾಲಿಗೆ ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ಏರಿಸಬೇಕು. ಅದು ಸಾಮಾನ್ಯ ಕಾಲುಚೀಲದಂತಲ್ಲ, ರಬ್ಬರಿನಂತೆ ಎಳೆಯುತ್ತದೆ. ಒಬ್ಬರು ಹಿಗ್ಗಿಸಿ ಹಿಡಿದು ಇನ್ನೊಬ್ಬರು ಕಾಲು ತೂರಿಸಿದರೆ ಸುಲಭ ಎಂದು ಅಂಗಡಿಯವನು ಹೇಳಿದ್ದ. ನಾನೊಬ್ಬಳೇ ಮಂಚದ ಅಂಚಿಗೆ ಕೂತು, ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಾಗ ಉಸಿರು ಬಿಟ್ಟು, ಮತ್ತೆ ಎಳೆದು, ಬೆವರುತ್ತಿದ್ದೆ. ಕೆಲವು ಬೆಳಿಗ್ಗೆ ಅಳುವೇ ಬಂದದ್ದುಂಟು. ಕಾಲಿನ ನೋವಿಗಲ್ಲ.

ಮನೆಯೊಡತಿ ನನ್ನ ಮಂಚದ ಪಕ್ಕದಲ್ಲಿ ತುಂಬಿದ ಕೊಡ ಇಟ್ಟು ಹೋಗುತ್ತಿದ್ದಳು. ಸಂಜೆ ಬಂದು ಕೊಡವನ್ನು ಎತ್ತಿ ನೋಡುತ್ತಿದ್ದಳು. ಭಾರವಿದ್ದರೆ "ಉದಕ ಕುಡೀಲಿಲ್ಲ ನೀನು" ಎಂದು ಅಲ್ಲೇ ನಿಂತು ಒಂದು ಲೋಟ ಕುಡಿಸಿ ಹೋಗುತ್ತಿದ್ದಳು. ಬಚ್ಚಲಿನ ಮೆಟ್ಟಿಲಿಗೆ ಹಿಡಿದು ಇಳಿಯಲು ಬಿದಿರು ಕಟ್ಟಿಸಿದಳು. ಒಂದು ದಿನ ನಾನಾಗಿಯೇ "ಸ್ವಲ್ಪ ಕೈ ಹಿಡೀರಿ" ಎಂದೆ. ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ಹಿಡಿದಳು. ಮೆಟ್ಟಿಲು ಇಳಿದ ಮೇಲೆ ಕೈ ಬಿಟ್ಟು, ಬೆನ್ನು ತಿರುಗಿಸಿ ನಿಂತಳು.

ಆರು ತಿಂಗಳ ಮೇಲೆ ಮತ್ತೆ ಹುಬ್ಬಳ್ಳಿಗೆ ಹೋದೆ. ಬಸ್ಸು ಹಳಿಯಾಳದಲ್ಲಿ ನಿಂತಾಗ ಇಳಿದು ಓಡಾಡಿ ಮತ್ತೆ ಹತ್ತಿದೆ. ಸ್ಕ್ಯಾನಿನಲ್ಲಿ ಎಡಗಾಲಿನಿಂದಲೂ ಸದ್ದು ಬಂತು, ಬಲಗಾಲಿನಷ್ಟು ಜೋರಾಗಿ ಅಲ್ಲ. ಹೆಪ್ಪು ಬಹಳಷ್ಟು ಕರಗಿದೆ, ಆದರೆ ನಾಳದೊಳಗಿನ ಕವಾಟಗಳು ಕೆಟ್ಟಿವೆ, ಸಂಜೆಯಾದರೆ ಕಾಲು ಭಾರವಾಗುವುದು ಇದ್ದೇ ಇರುತ್ತದೆ ಎಂದರು. ಗುಳಿಗೆ ನಿಲ್ಲಿಸಿದರು. ಇನ್ನೊಮ್ಮೆ ಹಾಸಿಗೆ ಹಿಡಿಯುವಂಥದ್ದು, ಆಪರೇಷನ್ನು, ಏನೇ ಬಂದರೂ ಮೊದಲು ಹೀಗೆ ಹೆಪ್ಪಾಗಿತ್ತೆಂದು ಹೇಳಬೇಕು, ಯಾರೆದುರಿಗೂ ನಾಚಬಾರದು ಎಂದರು.

ಮುಂದಿನ ಮಳೆಗಾಲದ ಮೊದಲೇ ಮನೆಯೊಡತಿಯನ್ನು ಅವಳ ಮಗಳು ಗೋವಾಕ್ಕೆ ಕರೆದೊಯ್ದಳು. ಕಣ್ಣಿಗೆ ಪೊರೆ ಬಂದಿತ್ತು. ಕೋಳಿಗಳನ್ನು ಯಾರಿಗೋ ಕೊಟ್ಟಳು. ಹೊರಡುವ ದಿನ ಕಾರಿನಿಂದ ತಲೆ ಹೊರಹಾಕಿ ಏನೋ ಹೇಳಿದಳು, ಕೊಂಕಣಿಯಲ್ಲಿ, ಅವಸರದಲ್ಲಿ. ನನಗೆ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ಕಾರು ತಿರುವಿನಲ್ಲಿ ಇಳಿದಿತ್ತು. ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಮಗಳು ಒಮ್ಮೆ ಫೋನಿನಲ್ಲಿ ಹೇಳಿದಳು. ವಾಪಸ್ಸು ಬರುವ ಮಾತು ಎತ್ತಲಿಲ್ಲ. ಮುಂದಿನ ಮನೆಗೆ ಬೀಗ. ನಾನು ಹಿಂದಿನ ಕೋಣೆಗಳಲ್ಲೇ ಇದ್ದೇನೆ.

ಕಚೇರಿ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುತ್ತೇನೆ. ಮನೆಗೆ ಬಂದು ಕಾಲುಚೀಲ ಕಳಚಿ, ಕಾಲನ್ನು ಗೋಡೆಗೆ ಆನಿಸಿ ಎತ್ತರಕ್ಕಿಟ್ಟು ಮಲಗುತ್ತೇನೆ. ಆ ಹೊತ್ತಿಗೆ ಮುಂಡಗೋಡಕ್ಕೆ ಫೋನು ಮಾಡುತ್ತೇನೆ. ಮೊದಲ ಮಾತು ಅಕ್ಕನದೇ. "ಕಾಲು ಹೆಂಗೈತಿ?" ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬಾತಿದ್ದರೆ ಬಾತಿದೆ ಎನ್ನುತ್ತೇನೆ. ಆಮೇಲೆ ಇಬ್ಬರಿಗೂ ಹೆಚ್ಚು ಮಾತಿರುವುದಿಲ್ಲ. ಅವಳು ಸ್ಪೀಕರ್ ಹಾಕಿ ಫೋನನ್ನು ಕಿಟಕಿಯ ಮೇಲಿಟ್ಟು ರೊಟ್ಟಿ ಬಡಿಯುತ್ತಾಳೆ. ಮಗಳು ಬಂದಿದ್ದರೆ ಕೂಸು ಏನನ್ನೋ ಎಳೆದು ಬೀಳಿಸುತ್ತದೆ, ಅತ್ತೆ ಗದರುತ್ತಾಳೆ, ಯಾರೋ ಬಾಗಿಲಲ್ಲಿ ಕರೆಯುತ್ತಾರೆ. ನಾನಿಲ್ಲಿ ಮಲಗಿ ಕೇಳುತ್ತಿರುತ್ತೇನೆ. ರೊಟ್ಟಿಯೆಲ್ಲ ಆದ ಮೇಲೆ ಅವಳು ಬಂದು "ಅದಿಯೇನು?" ಎನ್ನುತ್ತಾಳೆ. "ಅದೇನಿ" ಎಂದರೆ, "ಫೋನ್ ಇಡ್ಲೇನ ಹಂಗಾರ?" ಎಂದು ಕೇಳುತ್ತಾಳೆ. "ಇನ್ನ ಸ್ವಲ್ಪ ಇರಲಿ" ಎನ್ನುತ್ತೇನೆ.